ಕ್ಲಚ್ ಸ್ಲೇವ್ ಸಿಲಿಂಡರ್ ಎಲ್ಲಿರುತ್ತದೆ, ಹಾಳಾಗಿದೆಯೆಂದು ತಿಳಿಯುವುದು ಹೇಗೆ, ಬದಲಿಸುವುದು ಹೇಗೆ?

ದೂರದಾರಿ

ಎಲ್ಲರಿಗೂ ನಮಸ್ಕಾರ. ನನ್ನದು ಮುಂಚಕ್ರಗಳಿಂದ ಓಡುವ, ಎಂಜಿನ್ ಅಡ್ಡಲಾಗಿ ಕುಳಿತಿರುವ, ಐದು ಗೇರುಗಳ ಮ್ಯಾನುಯಲ್ ಕಾರು. ಕೆಲವು ವಾರಗಳಿಂದ ಬೆಳಗಿನ ಹೊತ್ತು ಗಾಡಿಯನ್ನು ಹೊರತೆಗೆಯುವಾಗ ರಿವರ್ಸ್ ಗೇರ್ ಕರ್ರೆಂದು ಸದ್ದು ಮಾಡುತ್ತಿದೆ. ಕ್ಲಚ್ ಪೆಡಲನ್ನು ಬೇಗ ಬೇಗ ಎರಡು ಮೂರು ಸಲ ಒತ್ತಿ ಆಮೇಲೆ ಹಾಕಿದರೆ ಸದ್ದಿಲ್ಲದೆ ಬೀಳುತ್ತದೆ. ಈಚೆಗೆ ಮೊದಲ ಗೇರಿನಲ್ಲಿ ಪೆಡಲನ್ನು ಪೂರ್ತಿ ಒತ್ತಿ ಹಿಡಿದು ನಿಂತಿದ್ದರೂ ಗಾಡಿ ತಾನಾಗಿಯೇ ಮುಂದಕ್ಕೆ ಸರಿಯಲು ನೋಡುತ್ತದೆ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿತ್ತು. ತುಂಬಿಸಿದ ಮೇಲೂ ನಿಧಾನವಾಗಿ ಇಳಿಯುತ್ತಿದೆ. ಆದರೆ ಗಾಡಿ ನಿಲ್ಲಿಸಿದ ಜಾಗದಲ್ಲಿ ಕಲೆ ಮಾತ್ರ ಕಾಣುವುದಿಲ್ಲ.

ಒಬ್ಬ ಮೆಕ್ಯಾನಿಕ್ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಬೇಕು ಎಂದರು. ಇನ್ನೊಬ್ಬರು ಸ್ಲೇವ್ ಸಿಲಿಂಡರ್, ಅಂದರೆ ಪೆಡಲಿನ ಒತ್ತಡವನ್ನು ದ್ರವದ ಮೂಲಕ ಪಡೆದು ಕ್ಲಚ್ಚನ್ನು ಬಿಡಿಸುವ ಸಣ್ಣ ಸಿಲಿಂಡರ್, ಹೋಗಿರಬೇಕು ಎಂದರು. ಇಬ್ಬರೂ ಗಾಡಿಯ ಕೆಳಗೆ ಇಣುಕಲಿಲ್ಲ. ಸಣ್ಣಪುಟ್ಟ ಕೆಲಸಗಳನ್ನು ನಾನೇ ಮಾಡಿಕೊಳ್ಳುತ್ತೇನೆ. ಬ್ರೇಕ್ ಪ್ಯಾಡ್ ಬದಲಿಸಿ ಅಭ್ಯಾಸವಿದೆ. ಈ ಸಿಲಿಂಡರ್ ಎಲ್ಲಿರುತ್ತದೆ, ತಪ್ಪು ಅದರದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ, ಮನೆಯಲ್ಲೇ ಬದಲಿಸಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಹಳೆಗಾಡಿ

ದೂರದಾರಿಯವರೇ, ನೀವು ಹೇಳಿದ ಲಕ್ಷಣಗಳಲ್ಲೇ ಅರ್ಧ ಉತ್ತರವಿದೆ. ಕ್ಲಚ್ ಪ್ಲೇಟ್ ಸವೆದಿದ್ದರೆ ಗಾಡಿ ಜಾರುತ್ತದೆ, ಅಂದರೆ ಏರು ಹತ್ತುವಾಗ ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ನಿಮ್ಮಲ್ಲಿ ಆಗುತ್ತಿರುವುದು ಅದರ ತಿರುವುಮುರುವು: ಪೆಡಲ್ ಒತ್ತಿದರೂ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಬಹುತೇಕ ಗೇರ್‌ಬಾಕ್ಸುಗಳಲ್ಲಿ ಮುಂದಿನ ಗೇರುಗಳಿಗೆ ವೇಗ ಹೊಂದಿಸುವ ಸಿಂಕ್ರೊನೈಸರ್ ಇರುತ್ತದೆ; ಹಲವು ಗಾಡಿಗಳ ರಿವರ್ಸಿಗೆ ಅದು ಇರುವುದಿಲ್ಲ. ಹಾಗಾಗಿ ಕ್ಲಚ್ ಕೊಂಚ ಎಳೆಯುತ್ತಿದ್ದರೂ ಮೊದಲು ಕೂಗುವುದು ರಿವರ್ಸ್ ಗೇರೇ. ಪೆಡಲನ್ನು ಮತ್ತೆ ಮತ್ತೆ ಒತ್ತಿದರೆ ಸರಿಹೋಗುವುದು, ಡಬ್ಬಿಯ ಮಟ್ಟ ಇಳಿಯುವುದು ಎರಡೂ ದೋಷ ಹೈಡ್ರಾಲಿಕ್ ಕಡೆಗಿದೆ, ಅಂದರೆ ದ್ರವದ ಒತ್ತಡದಿಂದ ನಡೆಯುವ ಭಾಗದಲ್ಲಿದೆ ಎಂದು ತೋರಿಸುತ್ತವೆ. ಇಷ್ಟರ ಮೇಲೆ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಹಾಕುವುದಕ್ಕೆ ನನ್ನ ಮಟ್ಟಿಗೆ ಆಧಾರವಿಲ್ಲ.

ಸ್ಲೇವ್ ಸಿಲಿಂಡರ್ ಹುಡುಕುವ ಮುಂಚೆ ಕ್ಲಚ್ ಕೇಬಲಿನದೋ ಹೈಡ್ರಾಲಿಕ್ಕೋ ಎಂದು ನೋಡಬೇಕು. ಬಹಳಷ್ಟು ಚಿಕ್ಕ ಕಾರುಗಳಲ್ಲಿ ಉಕ್ಕಿನ ಕೇಬಲ್ ಮಾತ್ರ ಇರುತ್ತದೆ, ಅವುಗಳಲ್ಲಿ ಸ್ಲೇವ್ ಎಂಬುದೇ ಇಲ್ಲ. ನಿಮ್ಮದರಲ್ಲಿ ಆಯಿಲ್ ಇಳಿಯುತ್ತಿರುವುದರಿಂದ ಹೈಡ್ರಾಲಿಕ್ ಎಂದೇ ಇಟ್ಟುಕೊಳ್ಳೋಣ. ಹಲವು ಗಾಡಿಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿ. ಅದರ ಪಕ್ಕದಲ್ಲಿ ಸ್ವಲ್ಪ ಎತ್ತರದಿಂದ ಹೊರಡುವ ತೆಳು ರಬ್ಬರ್ ಪೈಪು ಕ್ಲಚ್ಚಿನದು. ಕ್ಲಚ್ ಸೋರಿದರೂ ಬ್ರೇಕಿನ ಪಾಲು ಉಳಿಯಲೆಂದು ಅದನ್ನು ಎತ್ತರದಲ್ಲಿ ಇಟ್ಟಿರುತ್ತಾರೆ. ಆ ಪೈಪು ಪೆಡಲಿನ ನೇರಕ್ಕೆ ಎಂಜಿನ್ ಕೋಣೆಯ ಗೋಡೆಯಲ್ಲಿ ಕೂತು, ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರಿಗೆ ಹೋಗುತ್ತದೆ. ಮಾಸ್ಟರಿನಿಂದ ಇನ್ನೊಂದು ಪೈಪು, ಲೋಹದ್ದೋ ಅರ್ಧ ಲೋಹ ಅರ್ಧ ರಬ್ಬರಿನದೋ, ಗೇರ್‌ಬಾಕ್ಸಿನ ಕಡೆಗೆ ಇಳಿಯುತ್ತದೆ. ಕಣ್ಣಿಗಿಂತ ಬೆರಳಿಗೆ ಈ ದಾರಿ ಚೆನ್ನಾಗಿ ತಿಳಿಯುತ್ತದೆ. ಎಂಜಿನ್ ತಣ್ಣಗಿರುವಾಗ ಪೈಪನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸಿ.

ಪೈಪಿನ ಕೊನೆಯಲ್ಲಿ ಎರಡರಲ್ಲೊಂದು ಕಾಣುತ್ತದೆ. ಬೆಲ್ ಹೌಸಿಂಗಿನ (ಕ್ಲಚ್ಚನ್ನು ಸುತ್ತುವರಿದ ಗಂಟೆಯಾಕಾರದ ಕವಚದ) ಹೊರಗೆ ಎರಡು ಬೋಲ್ಟುಗಳಲ್ಲಿ ಕೂತ, ತುದಿಯಲ್ಲಿ ರಬ್ಬರ್ ಬೂಟು ಹಾಕಿಕೊಂಡ ಸಣ್ಣ ಸಿಲಿಂಡರ್ ಕಂಡರೆ ಅದು ಹೊರಗಿನ ಸ್ಲೇವ್. ಅದರ ಪುಶ್ ರಾಡ್ ರಿಲೀಸ್ ಫೋರ್ಕಿನ ತುದಿಯನ್ನು ತಳ್ಳುತ್ತದೆ, ಆ ಫೋರ್ಕ್ ಬೇರಿಂಗನ್ನು ಒತ್ತಿ ಕ್ಲಚ್ ಬಿಡಿಸುತ್ತದೆ. ಪೈಪು ಬೆಲ್ ಹೌಸಿಂಗಿನ ರಂಧ್ರದೊಳಕ್ಕೇ ಹೋಗಿ, ಹೊರಗೆ ಬ್ಲೀಡ್ ನಿಪ್ಪಲ್ (ಒಳಗಿನ ಗಾಳಿಯನ್ನು ಹೊರಬಿಡುವ ಸಣ್ಣ ತಿರುಪು) ಮಾತ್ರ ಇಣುಕುತ್ತಿದ್ದರೆ ಅದು ಒಳಗಿನದು, ಅಂದರೆ ಇನ್‌ಪುಟ್ ಶಾಫ್ಟಿನ ಸುತ್ತ ಬಳೆಯಂತೆ ಕೂತ ಕಾನ್ಸೆಂಟ್ರಿಕ್ ಸ್ಲೇವ್. ಎರಡನೆಯದಕ್ಕೆ ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ. ಅಡ್ಡ ಎಂಜಿನ್ನಿನ ಕಾರುಗಳಲ್ಲಿ ಹೊರಗಿನ ಸ್ಲೇವ್ ಸಾಮಾನ್ಯವಾಗಿ ಏರ್ ಫಿಲ್ಟರ್ ಪೆಟ್ಟಿಗೆ ಅಥವಾ ಬ್ಯಾಟರಿ ತಟ್ಟೆಯ ಕೆಳಗೆ, ಗೇರ್‌ಬಾಕ್ಸಿನ ಮೇಲ್ಭಾಗದಲ್ಲೋ ಮುಂಭಾಗದಲ್ಲೋ ಇರುತ್ತದೆ. ಎಂಜಿನ್ ಉದ್ದಕ್ಕೆ ಕೂತ, ಹಿಂಚಕ್ರದಿಂದ ಓಡುವ ಗಾಡಿಗಳಲ್ಲಿ ಕೆಳಗಿನಿಂದ ನೋಡಬೇಕು. ಬೆಲ್ ಹೌಸಿಂಗಿನ ಪಕ್ಕದಲ್ಲಿ ಸಿಗುತ್ತದೆ.

ಸ್ಪ್ಯಾನರ್‌ಪೆಟ್ಟಿಗೆ

ಹಳೆಗಾಡಿಯವರು ಹೇಳಿದ್ದಕ್ಕೆ ಪರೀಕ್ಷೆಯ ಭಾಗವನ್ನು ಸೇರಿಸುತ್ತೇನೆ, ಏಕೆಂದರೆ ಸಾಮಾನು ತಂದು ಹಾಕಿದ ಮೇಲೂ ದೋಷ ಹಾಗೆಯೇ ಉಳಿದವರು ಬಹಳ ಮಂದಿ ಇದ್ದಾರೆ.

ಸ್ಲೇವ್ ಹೊರಗಿದ್ದರೆ ಅದರ ಬೂಟಿನ ಅಂಚನ್ನು ಬೆರಳಿನಿಂದಲೇ ಮೆಲ್ಲಗೆ ಹಿಂದಕ್ಕೆ ಸರಿಸಿ. ಒಳಗೆ ತೆಳುವಾದ ತೇವ ಇರುವುದು ಸಹಜ. ಹನಿ ಜಾರಿ ಬಿದ್ದರೆ, ಅಥವಾ ಕಪ್ಪು ಕೆಸರಿನಂಥದ್ದು ಬೆರಳಿಗೆ ಅಂಟಿದರೆ ಸೀಲ್ ಹೋಗಿದೆ ಎಂದೇ ಅರ್ಥ. ನೆಲದ ಮೇಲೆ ಕಲೆ ಕಾಣದಿರುವುದಕ್ಕೂ ಇದೇ ಕಾರಣವಿರಬಹುದು, ಏಕೆಂದರೆ ಬೂಟು ಸೋರಿದ್ದನ್ನೆಲ್ಲ ತುಂಬ ಕಾಲ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಕ್ಯಾಬಿನ್ನಿನ ಒಳಗೆ ಬಂದು, ಪೆಡಲಿನ ಮೇಲ್ತುದಿಯಲ್ಲಿ ಮಾಸ್ಟರಿನೊಳಕ್ಕೆ ಹೋಗುವ ರಾಡಿನ ಸುತ್ತ ಬಿಳಿ ಬಟ್ಟೆ ಆಡಿಸಿ ನೋಡಿ. ಅಲ್ಲಿ ತೇವವಿದ್ದರೆ ಮಾಸ್ಟರ್ ಸೋರುತ್ತಿದೆ.

ಎರಡೂ ಕಡೆ ಒಣಗಿದ್ದು, ಪೆಡಲನ್ನು ಒತ್ತಿ ಹಿಡಿದಾಗ ಕ್ಲಚ್ ಕ್ರಮೇಣ ಹಿಡಿಯತೊಡಗಿದರೆ ಮಾಸ್ಟರಿನ ಒಳಸೀಲಿನ ಪಕ್ಕದಿಂದ ದ್ರವ ಡಬ್ಬಿಗೆ ಹಿಂದಿರುಗುತ್ತಿರಬಹುದು. ಹೊರಗೆ ಒಂದು ಹನಿಯೂ ಕಾಣದ ಈ ದೋಷವೇ ಜನರನ್ನು ಹೆಚ್ಚು ದಾರಿ ತಪ್ಪಿಸುತ್ತದೆ.

ಇನ್ನೊಂದು ಪರೀಕ್ಷೆಯನ್ನು ಬಿಡಬೇಡಿ. ಎಂಜಿನ್ ನಿಲ್ಲಿಸಿ, ಗೇರನ್ನು ನ್ಯೂಟ್ರಲಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ಪೆಡಲನ್ನು ನಿಧಾನವಾಗಿ ಕೊನೆಯವರೆಗೆ ಒತ್ತಲಿ. ನೀವು ಸ್ಲೇವಿನ ರಾಡಿನ ಪಕ್ಕ ಅಳತೆಪಟ್ಟಿ ಹಿಡಿದು ಅದು ಎಷ್ಟು ಸರಿಯುತ್ತದೆ ಎಂದು ನೋಡಿ. ಸರಿಯಾದ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ಲಿನಲ್ಲಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು 10 ಮಿ.ಮೀ.ಗಿಂತ ಹೆಚ್ಚು. ಐದಾರು ಮಿ.ಮೀ. ಮಾತ್ರ ಸರಿಯುತ್ತಿದ್ದರೆ ಹೈಡ್ರಾಲಿಕ್ ಭಾಗದಲ್ಲೇ ದೋಷವಿದೆ. ರಾಡ್ ಪೂರ್ತಿ ದೂರ ಸರಿದರೂ ಗೇರ್ ಕರ್ರೆನ್ನುತ್ತಿದ್ದರೆ ಸ್ಲೇವನ್ನು ಮುಟ್ಟುವ ಅಗತ್ಯವೇ ಇಲ್ಲ. ಬಾಗಿದ ಫೋರ್ಕ್, ಸವೆದ ಪಿವಟ್, ಶಾಫ್ಟಿನ ಹಲ್ಲುಗಳ ಮೇಲೆ ಅಂಟಿಕೊಳ್ಳುವ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟಿನ ಮುರಿದ ಡಯಾಫ್ರಮ್ ಸ್ಪ್ರಿಂಗ್, ಹಿಡಿದುಕೊಂಡ ಪೈಲಟ್ ಬೇರಿಂಗ್ ಇವುಗಳಲ್ಲಿ ಯಾವುದಾದರೂ ಆಗಿರಬಹುದು. ಇದೇ ಸಮಯದಲ್ಲಿ ರಬ್ಬರ್ ಹೋಸಿನ ಮೇಲೂ ಕೈ ಇಟ್ಟು ನೋಡಿ. ಪೆಡಲ್ ಒತ್ತಿದಾಗ ಅದು ಕೈಯಲ್ಲಿ ಉಬ್ಬಿದಂತೆ ಆದರೆ ಒತ್ತಡವೆಲ್ಲ ಅಲ್ಲೇ ಖರ್ಚಾಗುತ್ತಿದೆ.

ದೂರದಾರಿ

ಇಬ್ಬರಿಗೂ ಧನ್ಯವಾದಗಳು. ಏರ್ ಫಿಲ್ಟರ್ ಪೆಟ್ಟಿಗೆ ತೆಗೆದ ಕೂಡಲೇ ಸಿಲಿಂಡರ್ ಕಾಣಿಸಿತು, ಹೊರಗಿನದೇ. ಬೂಟನ್ನು ಸರಿಸಿದಾಗ ಒಳಗೆ ನಿಂತಿದ್ದ ದ್ರವ ಗೇರ್‌ಬಾಕ್ಸಿನ ಮೇಲೆ ಇಳಿಯಿತು. ಬಣ್ಣ ಗಟ್ಟಿ ಕಷಾಯದ ಹಾಗಿತ್ತು, ಡಬ್ಬಿಯಲ್ಲಿದ್ದದ್ದು ಮಾತ್ರ ತಿಳಿ ಹಳದಿ. ಪೆಡಲನ್ನು ಪೂರ್ತಿ ಒತ್ತಿದಾಗ ರಾಡ್ 7 ಮಿ.ಮೀ. ಸರಿಯಿತು. ಮ್ಯಾನುಯಲ್ಲಿನ ಪ್ರಕಾರ ಕನಿಷ್ಠ 12 ಮಿ.ಮೀ. ಇರಬೇಕು. ಮಾಸ್ಟರಿನ ಕಡೆ ಬಟ್ಟೆ ಒಣಗಿಯೇ ಇತ್ತು, ಹೋಸಿನಲ್ಲಿ ಉಬ್ಬು ಕಾಣಲಿಲ್ಲ.

ಈಗ ಎರಡು ಸಂದೇಹಗಳು. ಸೀಲ್ ಕಿಟ್ ತಂದು ಒಳಗಿನ ರಬ್ಬರ್ ಮಾತ್ರ ಬದಲಿಸಿದರೆ ಸಾಕೇ, ಇಡೀ ಸಿಲಿಂಡರ್ ಹಾಕಬೇಕೇ? ಮಾಸ್ಟರನ್ನೂ ಜೊತೆಗೇ ಬದಲಿಸಬೇಕೆಂದು ಕೆಲವರು ಹೇಳುತ್ತಾರೆ, ಅದು ನಿಜವೇ?

ನಾಲ್ಕನೇಗೇರ್

ಸೀಲ್ ಕಿಟ್ ಸಾಕು ಎಂಬುದು ನನ್ನ ಅಭಿಪ್ರಾಯ. ಎರಕದ ಸಿಲಿಂಡರಿನ ಲೋಹಕ್ಕೆ ಏನೂ ಆಗಿರುವುದಿಲ್ಲ, ಸೋತಿರುವುದು ರಬ್ಬರ್ ಮಾತ್ರ. ಪಿಸ್ಟನ್ ಹೊರತೆಗೆದು, ಒಳಗೋಡೆಯನ್ನು ಶುದ್ಧ ಬ್ರೇಕ್ ಆಯಿಲಿನಿಂದ ತೊಳೆದು, ಬೆಳಕಿಗೆ ಹಿಡಿದು ನೋಡಿ. ಗೋಡೆ ಕನ್ನಡಿಯಷ್ಟು ನಯವಾಗಿದ್ದು, ಉಗುರಿಗೆ ಗೀರು ತಗಲದಿದ್ದರೆ ಹೊಸ ಸೀಲನ್ನು ಅದೇ ದ್ರವದಲ್ಲಿ ಅದ್ದಿ ಹಾಕಿಕೊಳ್ಳಬಹುದು. ಇನ್ನೂ ಚೆನ್ನಾಗಿರುವ ಲೋಹವನ್ನು ಗುಜರಿಗೆ ಎಸೆಯುವುದು ನನಗೆ ಒಪ್ಪುವುದಿಲ್ಲ.

ಹಳೆಗಾಡಿ

ನಾಲ್ಕನೇಗೇರ್ ಅವರ ಮಾತು ನಯವಾದ ಗೋಡೆಗೆ ಸರಿ, ಆದರೆ ದೂರದಾರಿಯವರ ಸಿಲಿಂಡರ್ ಅಷ್ಟು ನಯವಾಗಿ ಉಳಿದಿರುತ್ತದೆ ಎಂಬ ನಂಬಿಕೆ ನನಗಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ನೀರು ಸೇರಿದ ಸ್ಥಿತಿಯಲ್ಲಿ ಅದಕ್ಕೆ ನಿಗದಿಪಡಿಸಿದ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ಆ ನೀರು ಕುದಿಯುವ ಬಿಂದುವನ್ನು ಇಳಿಸುವುದಷ್ಟೇ ಅಲ್ಲ, ಲೋಹವನ್ನೂ ತಿನ್ನುತ್ತದೆ. ಕ್ಲಚ್ಚಿನ ಪೈಪಿನಲ್ಲಿ ದ್ರವ ಸುತ್ತು ಹಾಕುವುದಿಲ್ಲ, ಇದ್ದಲ್ಲೇ ಹಿಂದೆ ಮುಂದೆ ಆಡುತ್ತದೆ. ಹೀಗಾಗಿ ಡಬ್ಬಿಯಲ್ಲಿ ತಿಳಿಯಾಗಿ ಕಂಡರೂ ಸ್ಲೇವಿನಲ್ಲಿ ಇರುವುದು ವರ್ಷಗಟ್ಟಲೆ ಹಳೆಯ ದ್ರವವೇ. ನೀವು ಕಂಡ ಬಣ್ಣ ವ್ಯತ್ಯಾಸಕ್ಕೆ ಇದೇ ಕಾರಣ.

ಇದಕ್ಕಿಂತ ಮುಖ್ಯವಾದ ಸಂಗತಿ ಒಂದಿದೆ, ಅದನ್ನು ಕ್ಲಚ್ ಸೆಟ್ ಹಾಕಿಸಿಕೊಳ್ಳುವ ಪ್ರತಿಯೊಬ್ಬರೂ ತಿಳಿದಿರಬೇಕೆಂದು ನಾನು ಬಯಸುತ್ತೇನೆ. ಕ್ಲಚ್ ಪ್ಲೇಟ್ ಸವೆದಂತೆ ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಎಂಜಿನ್ನಿನ ಫ್ಲೈವೀಲಿನ ಕಡೆಗೆ ಸರಿಯುತ್ತದೆ, ಅದರ ಡಯಾಫ್ರಮ್ ಸ್ಪ್ರಿಂಗಿನ ಬೆರಳುಗಳು ಗೇರ್‌ಬಾಕ್ಸಿನ ಕಡೆಗೆ ಬರುತ್ತವೆ, ಬೇರಿಂಗ್ ಫೋರ್ಕನ್ನು ತಳ್ಳುತ್ತದೆ, ಫೋರ್ಕ್ ಸ್ಲೇವಿನ ಪಿಸ್ಟನ್ನನ್ನು ಕೊಳವೆಯ ಆಳಕ್ಕೆ ನೂಕುತ್ತದೆ. ಪಿಸ್ಟನ್ ವರ್ಷಗಳ ಕಾಲ ಹೀಗೆ ಆಳದಲ್ಲೇ ಓಡಾಡಿಕೊಂಡಿರುತ್ತದೆ. ಬಾಯಿಯ ಹತ್ತಿರದ ಗೋಡೆಯಲ್ಲಿ ಅಷ್ಟರಲ್ಲಿ ಧೂಳು, ತೇವ, ತುಕ್ಕು ಸೇರಿರುತ್ತದೆ. ಹೊಸ ಪ್ಲೇಟ್ ಹಾಕಿದ ದಿನ ಬೆರಳುಗಳು ಮತ್ತೆ ಎಂಜಿನ್ನಿನ ಕಡೆಗೆ ಹೋಗುತ್ತವೆ, ಪಿಸ್ಟನ್ ಬಾಯಿಯ ಕಡೆಗೆ ಬರುತ್ತದೆ, ಅದರ ಹಳೆಯ ಸೀಲ್ ಆ ಒರಟು ಗೋಡೆಯ ಮೇಲೆ ಉಜ್ಜತೊಡಗುತ್ತದೆ. ಕ್ಲಚ್ ಸೆಟ್ ಹಾಕಿಸಿದ ಸ್ವಲ್ಪ ದಿನಕ್ಕೇ ಸ್ಲೇವ್ ಸೋರುವುದು ಬಹಳ ಸಲ ಇದೇ ಕಾರಣಕ್ಕೆ. ಜನ ಮಾತ್ರ ಕ್ಲಚ್ ಹಾಕಿದವರನ್ನು ಬೈಯುತ್ತಾರೆ. ಹೀಗಾಗಿ ಸೋರಿದ ಹಳೆಯ ಸಿಲಿಂಡರಿಗೆ ಕಿಟ್ ಹಾಕುವುದಕ್ಕಿಂತ ಇಡೀ ಸಿಲಿಂಡರ್ ಹಾಕುವುದು ಮೇಲು ಎನ್ನುತ್ತೇನೆ. ಹೊಸ ಸಿಲಿಂಡರ್ ಸಿಗದ ಹಳೆಯ ಗಾಡಿಗಳಿಗೆ ಕಿಟ್ಟೇ ಗತಿ, ಅದನ್ನು ಅಲ್ಲಗಳೆಯುವುದಿಲ್ಲ.

ಮಾಸ್ಟರಿನ ವಿಷಯದಲ್ಲಿ ನಿಯಮವೆಂದೇನೂ ಇಲ್ಲ. ಎರಡೂ ಒಂದೇ ವಯಸ್ಸಿನವಾದ್ದರಿಂದ ಒಂದರ ಹಿಂದೆ ಇನ್ನೊಂದು ಹೋಗುವುದು ಸಾಮಾನ್ಯ, ಆದರೆ ಒಣಗಿದ, ಒತ್ತಡ ಹಿಡಿಯುವ ಮಾಸ್ಟರನ್ನು ಕೀಳಬೇಕಾಗಿಲ್ಲ. ಮೊದಲು ಸ್ಲೇವ್ ಹಾಕಿ ರಾಡಿನ ಚಲನೆಯನ್ನು ಮತ್ತೆ ಅಳೆಯಿರಿ.

ಸಿಲಿಂಡರ್ ಕೊಳ್ಳುವಾಗ ಒಳವ್ಯಾಸವನ್ನು ಹಳೆಯದರೊಂದಿಗೆ ಹೋಲಿಸಿ ನೋಡಿ, ಬೋಲ್ಟ್ ತೂತುಗಳು ಹೊಂದಿದರೆ ಸಾಲದು. ಉದಾಹರಣೆಗೆ ಮಾಸ್ಟರ್ 15.87 ಮಿ.ಮೀ., ಸ್ಲೇವ್ 19.05 ಮಿ.ಮೀ. ಇದ್ದರೆ ವಿಸ್ತೀರ್ಣಗಳ ಅನುಪಾತ 1.44. ಮಾಸ್ಟರಿನ ಪಿಸ್ಟನ್ 20 ಮಿ.ಮೀ. ಸರಿದರೆ ಸ್ಲೇವಿನದು ಸುಮಾರು 14 ಮಿ.ಮೀ. ಸರಿಯುತ್ತದೆ. ಅದೇ ಜಾಗಕ್ಕೆ 20.64 ಮಿ.ಮೀ. ಒಳವ್ಯಾಸದ ಸ್ಲೇವ್ ಹಾಕಿದರೆ ಚಲನೆ 12 ಮಿ.ಮೀ.ಗೂ ಕೆಳಗಿಳಿಯುತ್ತದೆ. ಪೆಡಲ್ ಹಗುರವಾಯಿತೆಂದು ಸಂತೋಷವಾಗಬಹುದು, ಆದರೆ ಕ್ಲಚ್ ಪೂರ್ತಿ ಬಿಡದೆ ಮತ್ತೆ ರಿವರ್ಸ್ ಕರ್ರೆನ್ನುತ್ತದೆ.

ಸ್ಪ್ಯಾನರ್‌ಪೆಟ್ಟಿಗೆ

ಬದಲಿಸುವ ಕೆಲಸದ ಬಗ್ಗೆ ಬರೆಯುತ್ತೇನೆ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಚಕ್ರಗಳಿಗೆ ಅಡ್ಡ ಇಡಿ. ಕೆಳಗೆ ಹೋಗಬೇಕಾದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಟ್ಟೇ ಹೋಗಿ. ಬ್ಯಾಟರಿ ತಟ್ಟೆ ತೆಗೆಯುವುದಿದ್ದರೆ ಮೊದಲು ನೆಗೆಟಿವ್ ತಂತಿ ಬಿಚ್ಚಿ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲಿ. ಬ್ರೇಕ್ ಆಯಿಲ್ ಪೇಂಟಿಗೆ ತಗುಲಿದರೆ ಪೇಂಟ್ ಎದ್ದುಬರುತ್ತದೆ, ಬಿದ್ದ ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆಯಿರಿ.

ಸಿಲಿಂಡರಿನ ಸುತ್ತಲ ಮಣ್ಣನ್ನು ಬ್ರಷ್‌ನಿಂದ ಪೂರ್ತಿ ತೆಗೆದ ಮೇಲೆಯೇ ಪೈಪಿಗೆ ಕೈ ಹಾಕಿ, ಏಕೆಂದರೆ ಒಂದು ಮರಳಿನ ಕಣ ಹೊಸ ಸೀಲನ್ನು ಗೀರಲು ಸಾಕು. ಸಿಲಿಂಡರ್ ಇನ್ನೂ ಬೋಲ್ಟುಗಳಲ್ಲಿ ಬಿಗಿಯಾಗಿ ಕೂತಿರುವಾಗಲೇ ಪೈಪಿನ ನಟ್ಟನ್ನು ಸಡಿಲಿಸಿಕೊಳ್ಳಬೇಕು. ಬಿಚ್ಚಿದ ಮೇಲೆ ಕೈಯಲ್ಲಿ ಹಿಡಿದು ತಿರುಗಿಸಲು ಹೋದರೆ ಪೈಪ್ ತಿರುಚಿಕೊಳ್ಳುತ್ತದೆ. ಸಾಮಾನ್ಯ ಓಪನ್ ಸ್ಪ್ಯಾನರ್ ಆ ಮೆತ್ತನೆಯ ನಟ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಪೈಪಿನ ಮೇಲೆ ತೂರಿಸಲು ಸೀಳು ಬಿಟ್ಟಿರುವ ಫ್ಲೇರ್ ನಟ್ ಸ್ಪ್ಯಾನರ್ ಬಳಸಿ. ನಿಮ್ಮದರಲ್ಲಿ ಬ್ಯಾಂಜೊ ಬೋಲ್ಟ್ (ದ್ರವ ಹಾದುಹೋಗುವ ಟೊಳ್ಳು ಬೋಲ್ಟ್) ಇದ್ದರೆ ಅದರ ಎರಡೂ ಬದಿಯ ತಾಮ್ರದ ವಾಷರುಗಳನ್ನು ಹೊಸದಾಗಿಯೇ ಹಾಕಬೇಕು. ತಂತಿಯ ಕ್ಲಿಪ್ ಇರುವ ಕನೆಕ್ಟರ್ ಇದ್ದರೆ ಕ್ಲಿಪ್ಪನ್ನು ಪೂರ್ತಿ ಕೀಳದೆ ಅದರ ನಿಲುಗಡೆಯವರೆಗೆ ಎಳೆದು ಪೈಪನ್ನು ನೇರವಾಗಿ ಹೊರತೆಗೆಯಿರಿ, ಒಳಗಿನ ಓ-ರಿಂಗನ್ನು ಬದಲಿಸಿ.

ಪೈಪ್ ಬಿಚ್ಚಿದೊಡನೆ ಅದರ ಬಾಯಿಗೆ ಮುಚ್ಚಳ ಹಾಕಿ. ಡಬ್ಬಿ ಬ್ರೇಕಿಗೂ ಸೇರಿದ್ದಾದರೆ ಅದು ಬರಿದಾಗದಂತೆ ನೋಡಿಕೊಳ್ಳುವುದು ಮುಖ್ಯ. ಬ್ರೇಕಿನ ಕಡೆಗೆ ಗಾಳಿ ಹೊಕ್ಕರೆ ಕೆಲಸ ಇನ್ನೊಂದು ಕಡೆಗೂ ಹಬ್ಬುತ್ತದೆ. ಈಗ ಎರಡು ಬೋಲ್ಟ್ ಬಿಚ್ಚಿದರೆ ಸಿಲಿಂಡರ್ ಕೈಗೆ ಬರುತ್ತದೆ. ಅದು ಹೊರಗಿರುವಾಗ ಯಾರೂ ಪೆಡಲ್ ಒತ್ತದಂತೆ ನೋಡಿಕೊಳ್ಳಿ. ಪೈಪ್ ಸೇರಿಕೊಂಡಿದ್ದರೆ ಎದುರಿಗೆ ತಡೆಯಿಲ್ಲದ ಪಿಸ್ಟನ್ ಕೊಳವೆಯಿಂದ ಹಾರಿ ಬೀಳುತ್ತದೆ.

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ರಾಡಿನ ಉದ್ದ, ಪೈಪಿನ ತೂತು ಮತ್ತು ನಿಪ್ಪಲಿನ ಸ್ಥಾನ ನೋಡಿ. ಹೊಸ ಸಿಲಿಂಡರಿನ ರಾಡನ್ನು ಒಂದು ಪ್ಲಾಸ್ಟಿಕ್ ಪಟ್ಟಿ ಹಿಡಿದುಕೊಂಡಿದ್ದರೆ ಜೊತೆಗೆ ಬಂದ ಚೀಟಿಯನ್ನು ಓದದೆ ಅದನ್ನು ಕತ್ತರಿಸಬೇಡಿ. ಕೆಲವು ವಿನ್ಯಾಸಗಳಲ್ಲಿ ಅದನ್ನು ಹಾಗೆಯೇ ಜೋಡಿಸಬೇಕು, ಮೊದಲ ಸಲ ಪೆಡಲ್ ಒತ್ತಿದಾಗ ತಾನೇ ಮುರಿಯುತ್ತದೆ. ಫೋರ್ಕಿನ ಕುಳಿಯಲ್ಲಿ ಶಾಖ ತಡೆಯುವ ಗ್ರೀಸನ್ನು ಒಂದು ಹನಿಯಷ್ಟು ಹಚ್ಚಿ, ರಾಡಿನ ತುದಿ ಆ ಕುಳಿಯಲ್ಲೇ ಕೂತಿದೆ ಎಂದು ಕಣ್ಣಾರೆ ನೋಡಿ ಬೋಲ್ಟುಗಳನ್ನು ಮೊದಲು ಕೈಯಿಂದ ಹಿಡಿಸಿ. ಪೂರ್ತಿ ಬಿಗಿಯುವುದು ಮ್ಯಾನುಯಲ್ಲಿನ ಅಂಕಿಯಂತೆ. ಗೇರ್‌ಬಾಕ್ಸ್ ಅಲ್ಯೂಮಿನಿಯಮ್ಮಿನದು, ಮರೆ (ಬೋಲ್ಟ್ ಕಚ್ಚಿಕೊಳ್ಳುವ ತಿರುಪಿನ ಸುತ್ತು) ಕಿತ್ತುಹೋದರೆ ಮತ್ತೆ ಹೊಸ ಮರೆ ಕೂರಿಸಬೇಕಾಗುತ್ತದೆ. ಸಾಮಾನ್ಯ ಗ್ರೀಸನ್ನಾಗಲಿ ಎಂಜಿನ್ ಆಯಿಲನ್ನಾಗಲಿ ಸೀಲಿನ ಹತ್ತಿರ ತರಬೇಡಿ, ಆ ರಬ್ಬರ್ ಪೆಟ್ರೋಲಿಯಂ ಎಣ್ಣೆಗೆ ಉಬ್ಬಿ ಕೆಡುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದಿದ್ದರೆ ಅದನ್ನೇ ಹಾಕಿ. ಡಾಟ್ 5 ಎಂಬುದು ಸಿಲಿಕೋನಿನದು, ಇವುಗಳೊಂದಿಗೆ ಬೆರೆಸಬಾರದು, ಡಾಟ್ 5.1 ಮಾತ್ರ ಇವುಗಳ ಜಾತಿಯದೇ.

ದೂರದಾರಿ

ಸಿಲಿಂಡರ್ ಕೂತಿತು, ಎಲ್ಲಿಯೂ ಸೋರುತ್ತಿಲ್ಲ. ಆದರೆ ಪೆಡಲ್ ಅರ್ಧದವರೆಗೆ ಬರಿದೇ ಹೋಗುತ್ತದೆ, ಅಲ್ಲಿಂದ ಮುಂದೆ ಮಾತ್ರ ಬಿಗಿ ಸಿಗುತ್ತದೆ. ಮನೆಯವರು ಪೆಡಲ್ ಒತ್ತಿ ಹಿಡಿಯುವುದು, ನಾನು ನಿಪ್ಪಲ್ ಬಿಟ್ಟು ಮುಚ್ಚುವುದು, ಆಮೇಲೆ ಪೆಡಲ್ ಮೇಲೆತ್ತುವುದು, ಹೀಗೆ ಡಬ್ಬಿಗೆ ತುಂಬುತ್ತ ಬಹಳ ಹೊತ್ತು ಗಾಳಿ ತೆಗೆದೆವು. ಬಾಟಲಿಯಲ್ಲಿ ಮುಳುಗಿಸಿದ ತೆಳು ಪೈಪಿನಲ್ಲಿ ಈಗ ಗುಳ್ಳೆಯೇ ಬರುತ್ತಿಲ್ಲ. ರಾಡ್ ಸರಿಯುವುದು 10 ಮಿ.ಮೀ. ಮಾತ್ರ. ಮಾಸ್ಟರ್ ಕೂಡ ಹೋಗಿದೆಯೆಂದು ತಿಳಿಯಬೇಕೇ?

ಹಳೆಗಾಡಿ

ಅಷ್ಟು ಬೇಗ ಮಾಸ್ಟರಿನ ಮೇಲೆ ಹೊರಿಸಬೇಡಿ. ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದಾಗ ಬಿಗಿ ಹಾಗೆಯೇ ನಿಲ್ಲುತ್ತಿದ್ದರೆ ಮಾಸ್ಟರ್ ಚೆನ್ನಾಗಿದೆ, ಒಳಗೆ ಗಾಳಿ ಉಳಿದಿದೆ ಅಷ್ಟೆ. ಈ ವ್ಯವಸ್ಥೆಯಲ್ಲಿ ಗಾಳಿಗೆ ಎಷ್ಟು ಬಲವಿದೆ ಎಂಬುದಕ್ಕೆ ಲೆಕ್ಕ ಹಾಕಿ ನೋಡಿ: 15.87 ಮಿ.ಮೀ. ಮಾಸ್ಟರ್ 20 ಮಿ.ಮೀ. ಸರಿದಾಗ ತಳ್ಳುವುದು ಸುಮಾರು 4 ಮಿ.ಲೀ. ದ್ರವವನ್ನು ಮಾತ್ರ. ಅರ್ಧ ಮಿ.ಲೀ. ಗಾಳಿ ಎಲ್ಲೋ ಮೂಲೆಯಲ್ಲಿ ಉಳಿದು ಕುಗ್ಗಿದರೂ ಚಲನೆಯ ಎಂಟರಲ್ಲಿ ಒಂದು ಪಾಲು ಹೋಯಿತು.

ಗುಳ್ಳೆ ನಿಂತಿದೆ ಎಂದರೆ ಗಾಳಿ ಮುಗಿದಿದೆ ಎಂದಲ್ಲ, ನಿಪ್ಪಲಿನವರೆಗೆ ಬರುತ್ತಿಲ್ಲ ಎಂದೂ ಆಗಬಹುದು. ಗಾಳಿ ಮೇಲಕ್ಕೇ ಏರುವುದು. ಪೈಪು ದಾರಿಯಲ್ಲಿ ಎಲ್ಲಾದರೂ ಕಮಾನಿನಂತೆ ಎದ್ದು ಇಳಿದಿದ್ದರೆ ಆ ನೆತ್ತಿಯಲ್ಲಿ ಕೂತ ಗುಳ್ಳೆಯನ್ನು ಪೆಡಲಿನ ನಿಧಾನ ಹರಿವು ಕೆಳಕ್ಕೆ ಎಳೆಯಲಾರದು. ಹಾಗೆಯೇ ಸಿಲಿಂಡರ್ ಕೂತ ಭಂಗಿಯಲ್ಲಿ ಪಿಸ್ಟನ್ನಿನ ಮುಂದಿನ ಜಾಗ ನಿಪ್ಪಲಿಗಿಂತ ಎತ್ತರದಲ್ಲಿದ್ದರೆ ಗಾಳಿ ಅಲ್ಲೇ ನಿಲ್ಲುತ್ತದೆ.

ಮೊದಲು ಸಿಲಿಂಡರಿನ ಎರಡು ಬೋಲ್ಟ್ ಬಿಚ್ಚಿ, ಪೈಪನ್ನು ಬಿಚ್ಚದೆ, ಸಿಲಿಂಡರನ್ನು ನಿಪ್ಪಲ್ ಎಲ್ಲಕ್ಕಿಂತ ಮೇಲಿರುವಂತೆ ಕೈಯಲ್ಲಿ ಹಿಡಿಯಿರಿ. ನಿಪ್ಪಲ್ ಮುಚ್ಚಿರುವಾಗಲೇ ರಾಡನ್ನು ಹೆಬ್ಬೆರಳಿನಿಂದ ನಿಧಾನವಾಗಿ ಪೂರ್ತಿ ಒಳಕ್ಕೆ ಒತ್ತಿ. ಒಳಗಿನ ದ್ರವ ಗಾಳಿಯನ್ನು ಹೊತ್ತುಕೊಂಡು ಪೈಪಿನ ಮೂಲಕ ಡಬ್ಬಿಗೆ ಹಿಂದಿರುಗುತ್ತದೆ. ಡಬ್ಬಿಯ ಬಳಿ ನಿಂತವರಿಗೆ ಗುಳ್ಳೆ ಏಳುವುದು ಕಾಣುತ್ತದೆ. ಡಬ್ಬಿಯಲ್ಲಿ ಸ್ವಲ್ಪ ಜಾಗ ಬಿಟ್ಟಿರಿ, ಇಲ್ಲದಿದ್ದರೆ ಉಕ್ಕುತ್ತದೆ. ಪಿಸ್ಟನ್ನಿನ ಹಿಂದೆ ಸ್ಪ್ರಿಂಗ್ ಇದ್ದರೆ ರಾಡ್ ತಾನೇ ಹೊರಗೆ ಬರುತ್ತದೆ, ಮತ್ತೆ ಒತ್ತಿ. ಇದನ್ನು ಗುಳ್ಳೆ ನಿಲ್ಲುವವರೆಗೆ ಮಾಡಿ, ರಾಡನ್ನು ಒಳಗೇ ಒತ್ತಿ ಹಿಡಿದು ಸಿಲಿಂಡರನ್ನು ಸ್ವಸ್ಥಾನದಲ್ಲಿ ಕೂರಿಸಿ.

ಇಷ್ಟಕ್ಕೂ ಬಗ್ಗದಿದ್ದರೆ ಕೆಳಗಿನಿಂದ ಮೇಲಕ್ಕೆ ತುಂಬುವ ವಿಧಾನವಿದೆ. ದೊಡ್ಡ ಸಿರಿಂಜಿನಲ್ಲಿ ಹೊಸ ದ್ರವ ತುಂಬಿ, ಅದರ ಪೈಪಿನಲ್ಲಿರುವ ಗಾಳಿಯನ್ನು ಮೊದಲು ಹೊರಗೆ ಬಿಟ್ಟು, ನಿಪ್ಪಲಿಗೆ ಸಿಕ್ಕಿಸಿ, ನಿಪ್ಪಲ್ ಸಡಿಲಿಸಿ ಮೆಲ್ಲಗೆ ತಳ್ಳಬೇಕು. ಗಾಳಿ ತನ್ನ ಸಹಜ ದಾರಿಯಲ್ಲೇ ಏರಿ ಡಬ್ಬಿ ಸೇರುತ್ತದೆ. ಕಮಾನಿನಂತೆ ಎದ್ದ ಪೈಪಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಆದರೆ ಹಳೆಯ ಕೊಳಕು ದ್ರವವನ್ನು ಪೂರ್ತಿ ಹೊರಹಾಕಿದ ಮೇಲೆ ಮಾತ್ರ ಹೀಗೆ ಮಾಡಿ, ಬ್ರೇಕಿನೊಂದಿಗೆ ಹಂಚಿಕೊಂಡ ಡಬ್ಬಿಗೆ ಆ ಕೆಸರು ಏರಬಾರದು.

ಬೆಟ್ಟದಹಾದಿ

ಮಧ್ಯದಲ್ಲಿ ಕೇಳುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ಗಾಡಿಯಲ್ಲಿ ಪೈಪು ಬೆಲ್ ಹೌಸಿಂಗಿನೊಳಕ್ಕೇ ಹೋಗುತ್ತದೆ, ಹೊರಗೆ ನಿಪ್ಪಲ್ ಮಾತ್ರ ಇದೆ. ಲಕ್ಷಣಗಳು ದೂರದಾರಿಯವರದ್ದೇ. ರಾಡ್ ಕಾಣದ ಮೇಲೆ ಪರೀಕ್ಷಿಸುವುದು ಹೇಗೆ?

ಸ್ಪ್ಯಾನರ್‌ಪೆಟ್ಟಿಗೆ

ನಿಮ್ಮದು ಕಾನ್ಸೆಂಟ್ರಿಕ್. ಅದರಲ್ಲಿ ಫೋರ್ಕ್ ಇಲ್ಲ, ರಾಡ್ ಇಲ್ಲ, ಪಿಸ್ಟನ್ನೇ ರಿಲೀಸ್ ಬೇರಿಂಗನ್ನು ಹೊತ್ತು ನೇರವಾಗಿ ತಳ್ಳುತ್ತದೆ. ಹಾಗಾಗಿ ಸೋರಿಕೆಯ ಸಾಕ್ಷಿ ಬೆಲ್ ಹೌಸಿಂಗಿನ ತಳದಲ್ಲಿ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದಿನಲ್ಲಿ ಸಿಗುತ್ತದೆ. ಅಲ್ಲಿ ತೇವವಿದ್ದರೆ ಅದು ಎಂಜಿನ್ ಆಯಿಲೋ, ಗೇರ್ ಆಯಿಲೋ, ಬ್ರೇಕ್ ಆಯಿಲೋ ಎಂದು ಗುರುತಿಸಬೇಕು. ಒಂದು ಲೋಟ ನೀರಿಗೆ ಆ ಹನಿಯನ್ನು ಬಿಡಿ. ಎಂಜಿನ್ ಆಯಿಲೂ ಗೇರ್ ಆಯಿಲೂ ನೀರಿನ ಮೇಲೆ ತೇಲುತ್ತವೆ, ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿಹೋಗುತ್ತದೆ. ಗೇರ್‌ಬಾಕ್ಸ್ ಇಳಿಸುವ ನಿರ್ಧಾರಕ್ಕೆ ಮುಂಚೆ ಪೈಪು ಹೌಸಿಂಗಿಗೆ ಸೇರುವಲ್ಲಿನ ಕ್ಲಿಪ್ ಕನೆಕ್ಟರನ್ನು ಒರೆಸಿ ಒಣಗಿಸಿ, ಪೆಡಲ್ ಒತ್ತಿಸಿ ನೋಡಿ. ಅಲ್ಲಿನ ಓ-ರಿಂಗ್ ಸೋರಿ ದ್ರವ ಕೆಳಗಿಳಿದರೂ ತಳದಲ್ಲಿ ಅದೇ ಕಲೆ ಕಾಣುತ್ತದೆ.

ಒಳಗಿನದೇ ಸೋರುತ್ತಿದೆ ಎಂದು ಖಚಿತವಾದರೆ ಗೇರ್‌ಬಾಕ್ಸ್ ಇಳಿಸಬೇಕು, ಡ್ರೈವ್ ಶಾಫ್ಟುಗಳನ್ನು ಬಿಡಿಸಬೇಕು, ಎಂಜಿನ್ನಿಗೆ ಆಸರೆ ಕೊಡಬೇಕು. ಇದಕ್ಕೆ ಲಿಫ್ಟ್ ಇರುವ ಗ್ಯಾರೇಜೇ ಸರಿ. ಅಷ್ಟು ಬಿಚ್ಚಿದ ಮೇಲೆ ಸ್ಲೇವ್ ಒಂದನ್ನೇ ಬದಲಿಸಿ ಮುಚ್ಚುವುದು ಜಾಣತನವಲ್ಲ. ಸೋರಿದ ದ್ರವ ಕ್ಲಚ್ ಪ್ಲೇಟಿನ ಮೇಲೆ ಬಿದ್ದಿದ್ದರೆ ಅದು ಜಾರತೊಡಗುತ್ತದೆ. ಪ್ಲೇಟ್ ಸವೆದಿದ್ದರೆ ಕ್ಲಚ್ ಸೆಟ್ಟನ್ನೂ ಅದೇ ಸಮಯಕ್ಕೆ ಹಾಕಿಸಿ. ಹಾಗೆಯೇ ಹೊಸ ಕ್ಲಚ್ ಸೆಟ್ ಹಾಕಿಸುವವರು ಹಳೆಯ ಕಾನ್ಸೆಂಟ್ರಿಕ್ ಸ್ಲೇವನ್ನು ಒಳಗೆ ಬಿಡಬಾರದು. ಹೌಸಿಂಗಿನ ಧೂಳನ್ನು ಗಾಳಿ ಊದಿ ತೆಗೆಯುವುದು ಬೇಡ; ಹಳೆಯ ಪ್ಲೇಟುಗಳ ಧೂಳಿನಲ್ಲಿ ಕಲ್ನಾರು ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಜೋಡಣೆಯಾದ ಮೇಲೆ ಮೊದಲ ಬಾರಿ ಪೆಡಲನ್ನು ಕಾಲಿನಿಂದ ಜೋರಾಗಿ ಪಂಪ್ ಮಾಡದೆ ಕೈಯಿಂದ ನಿಧಾನವಾಗಿ ಒತ್ತಬೇಕು. ಗೇರ್‌ಬಾಕ್ಸ್ ಸೇರಿಸುವ ಮುಂಚೆಯಂತೂ ಒತ್ತಲೇಬಾರದು, ತಡೆಯಿಲ್ಲದೆ ಮಿತಿ ದಾಟಿದ ಪಿಸ್ಟನ್ ಹೊಸ ಸೀಲನ್ನೇ ಕೆಡಿಸುತ್ತದೆ.

ದೂರದಾರಿ

ಹಳೆಗಾಡಿಯವರು ಹೇಳಿದಂತೆ ಸಿಲಿಂಡರನ್ನು ಬಿಚ್ಚಿ ನಿಪ್ಪಲ್ ಮೇಲಾಗಿ ಹಿಡಿದು ರಾಡ್ ಒತ್ತಿದಾಗ ಡಬ್ಬಿಯಲ್ಲಿ ಒಂದು ದೊಡ್ಡ ಗುಳ್ಳೆ, ಅದರ ಬೆನ್ನಿಗೆ ಸಣ್ಣ ಗುಳ್ಳೆಗಳ ಸಾಲು ಎದ್ದವು. ಸಿರಿಂಜಿನ ಅಗತ್ಯ ಬೀಳಲಿಲ್ಲ. ರಾಡ್ ಈಗ 13 ಮಿ.ಮೀ. ಸರಿಯುತ್ತದೆ. ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿ ಕೆಲವು ಕ್ಷಣ ಕಾದು ರಿವರ್ಸ್ ಹಾಕಿದರೆ ಸದ್ದೇ ಇಲ್ಲ. ಪೆಡಲನ್ನು ಬಹಳ ಹೊತ್ತು ಹಿಡಿದರೂ ಗಾಡಿ ಸರಿಯುವುದಿಲ್ಲ. ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಇನ್ನು ಮುಂದೆ ಡಬ್ಬಿಯ ಮಟ್ಟದಲ್ಲಿ ಏನನ್ನು ಗಮನಿಸಬೇಕು?

ಹಳೆಗಾಡಿ

ಬಹಳ ಸಂತೋಷ. ಕೆಲವು ದಿನ ಓಡಿಸಿದ ಮೇಲೆ ಬೂಟನ್ನು ಮತ್ತೊಮ್ಮೆ ಸರಿಸಿ ನೋಡಿ, ಪೈಪಿನ ನಟ್ಟನ್ನು ಬಟ್ಟೆಯಿಂದ ಒರೆಸಿ ನೋಡಿ. ಡಬ್ಬಿಯನ್ನು ಮೇಲಿನ ಗೆರೆ ದಾಟಿ ತುಂಬಬೇಡಿ. ಕ್ಲಚ್ ಸವೆದಂತೆ ಪಿಸ್ಟನ್ ಒಳಸರಿದು ಆ ಕಡೆಯ ದ್ರವ ಡಬ್ಬಿಗೆ ಹಿಂದಿರುಗುತ್ತದೆ. ಬ್ರೇಕ್ ಪ್ಯಾಡ್ ಸವೆದರೆ ಅದೇ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಇವೆರಡೂ ತಿಂಗಳುಗಟ್ಟಲೆ ನಿಧಾನವಾಗಿ ಆಗುವಂಥವು. ವಾರದೊಳಗೆ ಕಣ್ಣಿಗೆ ಕಾಣುವಷ್ಟು ಇಳಿದರೆ ಮಾತ್ರ ಸೋರಿಕೆ ಎಂದು ತಿಳಿದು, ಮಾಸ್ಟರಿನ ರಾಡಿನ ಬಳಿ ಬಿಳಿ ಬಟ್ಟೆಯ ಪರೀಕ್ಷೆಯಿಂದ ಶುರುಮಾಡಿ. ನಾಲ್ಕು ಚಕ್ರಗಳ ಒಳಬದಿಯನ್ನೂ ಅದೇ ದಿನ ನೋಡಿ, ಏಕೆಂದರೆ ಆ ಡಬ್ಬಿ ಬ್ರೇಕಿನದೂ ಹೌದು.